ರೇಸ್ ತಗೋವಲ್ದು

ಧಾರವಾಡ ಜಿಲ್ಲೆಯ ಪೂರ್ವ ಸೀಮೆಯಲ್ಲಿ ಕಾರು ಓಡಿಸುವವರ ಬಲಗಾಲಿಗೆ ಕೆಲಸ ಕಡಿಮೆ. ಹುಬ್ಬಳ್ಳಿ ದಾಟಿ ನವಲಗುಂದದ ಕಡೆಗೋ ಅಣ್ಣಿಗೇರಿಯ ಕಡೆಗೋ ಹೊರಟರೆ ಘಾಟಿಲ್ಲ, ಹೆಚ್ಚು ತಿರುವಿಲ್ಲ. ಎರಡೂ ಮಗ್ಗುಲಿಗೆ ಕಣ್ಣು ಹಾಯುವಷ್ಟು ದೂರ ಎರಿ ಹೊಲ. ಮುಂಗಾರಿಗೆ ಹೆಸರು, ಹತ್ತಿ, ಉಳ್ಳಾಗಡ್ಡಿ, ಮೆಣಸಿನ ಗಿಡ. ಹಿಂಗಾರಿಗೆ ಕಡಲೆ, ಬಿಳಿಜೋಳ, ಗೋಧಿ, ಕುಸುಬಿ. ಟಾಪ್ ಗೇರಿಗೆ ಹಾಕಿ ಪೆಡಲನ್ನು ಒಂದು ಹದಕ್ಕೆ ಒತ್ತಿ ಹಿಡಿದರೆ ಮುಂದಿನ ಹಳ್ಳಿ ಬರುವ ತನಕ ಕಾಲು ಅಲುಗಿಸುವ ಪ್ರಸಂಗವೇ ಬರುವುದಿಲ್ಲ. ಈ ಸಪಾಟು ದಾರಿಯ ಸುಖಕ್ಕೂ ನನ್ನ ಹಳೆಯ ಡೀಸೆಲ್ ಕಾರಿಗೆ ತಗುಲಿದ ಒಂದು ಕಾಯಿಲೆಗೂ ನೇರ ಸಂಬಂಧವಿದೆ ಎಂದು ನನಗೆ ತಿಳಿದದ್ದು ಅಣ್ಣಿಗೇರಿಯ ಒಂದು ಸಣ್ಣ ಗ್ಯಾರೇಜಿನಲ್ಲಿ.

ಹೆಸರು ರಾಶಿಯ ಹಂಗಾಮು. ರಸ್ತೆಯ ಅಂಚಿಗೆ ಕಾಳು ಹರವಿ ಒಣಹಾಕಿದ್ದರು. ಹಿಂದಿನ ಸೀಟಿನಲ್ಲಿ ನೆರೆಮನೆಯ ಹಿರಿಯರು, ಜೊತೆಗೆ ಅವರ ಮಗಳು. ಹುಬ್ಬಳ್ಳಿಯ ಕಿಮ್ಸ್ ಆಸ್ಪತ್ರೆಗೆ ತೋರಿಸಿಕೊಂಡು ಬರಬೇಕಿತ್ತು. ಬೆಣ್ಣಿಹಳ್ಳದ ಸೇತುವೆ ಇನ್ನೇನು ಬಂತು ಅನ್ನುವಾಗ ಮೀಟರಿನ ಪಕ್ಕದಲ್ಲಿ ಎಂಜಿನ್ ಚಿತ್ರದ ಹಳದಿ ದೀಪ ಹತ್ತಿತು. ಪೆಡಲನ್ನು ತಳ ಮುಟ್ಟುವ ತನಕ ಒತ್ತಿದೆ. ಎಂಜಿನ್ ದನಿ ಏರಿಸಲಿಲ್ಲ, ಬಂದ್ ಕೂಡ ಆಗಲಿಲ್ಲ. ಕಾಲಿಟ್ಟರೂ ಅಷ್ಟೇ, ತೆಗೆದರೂ ಅಷ್ಟೇ. ಒಂದೇ ಸಮ ಗುಂಯ್‌ಗುಡುತ್ತಿತ್ತು. ಹಿಂದೆ ಕಾಳಿನ ಚೀಲ ಹೇರಿದ ಟ್ರ್ಯಾಕ್ಟರು, ಅದರ ಹಿಂದೆ ಬಸ್ಸು. ಮೆಲ್ಲಗೆ ಬದಿಗೆ ಸರಿಸಿ, ಕೀಲಿ ತಿರುವಿ ಬಂದ್ ಮಾಡಿ, ತುಸು ಹೊತ್ತು ಬಿಟ್ಟು ಚಾಲೂ ಮಾಡಿದರೆ ಏನೂ ಆಗದ ಹಾಗೆ ಓಡಿತು. ಕುಸುಗಲ್ ಹತ್ತಿರ ಮತ್ತೆ ಅದೇ ಪಾಡು. ಆಸ್ಪತ್ರೆಯೇನೋ ಮುಟ್ಟಿದೆವು, ಆದರೆ ಇಡೀ ದಾರಿ ನನ್ನ ಜೀವ ಪೆಡಲಿನ ಮೇಲೇ ಇತ್ತು.

ಹಳ್ಳಿಯಲ್ಲಿ ಓಡುವ ಸ್ಥಿತಿಯ ಕಾರೊಂದು ಇತ್ತೆಂದರೆ ಅದು ಬರೀ ಮಾಲಕನ ಸೊತ್ತಾಗಿ ಉಳಿಯುವುದಿಲ್ಲ. ಬಸುರಿಯನ್ನು ಅಪರಾತ್ರಿ ತಾಲೂಕು ಆಸ್ಪತ್ರೆಗೆ ಮುಟ್ಟಿಸುವುದು, ಪರೀಕ್ಷೆಯ ದಿನ ಬಸ್ಸು ತಪ್ಪಿಸಿಕೊಂಡ ಹುಡುಗರನ್ನು ಕರೆದೊಯ್ಯುವುದು, ಬಿತ್ತನೆಯ ಬೀಜ ತರುವುದು, ಎಲ್ಲಕ್ಕೂ ಅದೇ. ಹೊಸ ಕಾರು ಹಳ್ಳಿಗೆ ಬರುವುದು ಅಪರೂಪ. ಪೇಟೆಯಲ್ಲಿ ಹತ್ತು ವರ್ಷ ಓಡಿ ದಣಿದ ಮೇಲೆ ಎರಡನೆಯ, ಮೂರನೆಯ ಮಾಲಕರ ಕೈಗೆ ಬಂದು, ಇಲ್ಲಿ ಇನ್ನೂ ಹತ್ತು ವರ್ಷ ದುಡಿಯುತ್ತದೆ. ಹದಿನೈದು ವರ್ಷ ದಾಟಿದ ಕಾರಿನ ನೋಂದಣಿ ನವೀಕರಣದ ಶುಲ್ಕ 600 ರೂಪಾಯಿ ಇದ್ದದ್ದು 2022ರ ಏಪ್ರಿಲ್‌ನಲ್ಲಿ 5,000ಕ್ಕೆ ಏರಿತು. ಅದನ್ನೂ ಕಟ್ಟಿ ಜನ ಹಳೆಯ ಗಾಡಿ ಇಟ್ಟುಕೊಳ್ಳುತ್ತಾರೆ. ಹಾಗಾಗಿ ಅಂಥ ಗಾಡಿ ರೇಸ್ ತಗೋವಲ್ದು ಅಂದರೆ ಓಣಿಗೆ ಓಣಿಯೇ ಕಾಳಜಿ ಮಾಡುತ್ತದೆ. ನನ್ನ ಕಾರಿನ ಸುದ್ದಿ ಕೇಳಿದವರೆಲ್ಲ ಒಂದೊಂದು ಕಾರಣ ಹೇಳಿದರು: ಡೀಸೆಲ್ ಫಿಲ್ಟರ್ ಕಟ್ಟಿರಬೇಕು, ಪಂಪು ಸೋತಿರಬೇಕು, ಡೀಸೆಲ್ಲಿನಲ್ಲಿ ನೀರು ಸೇರಿರಬೇಕು. ಪೆಡಲೇ ಕೆಟ್ಟಿರಬಹುದು ಎಂದು ಯಾರಿಗೂ ಹೊಳೆಯಲಿಲ್ಲ. ಕಾಲಲ್ಲಿ ಒತ್ತುವ ತುಣುಕಿಗೆ ಕೆಡುವುದೇನಿದೆ ಎಂದು ನಾವೆಲ್ಲ ನಂಬಿಕೊಂಡವರು.

ಆ ನಂಬಿಕೆ ತಪ್ಪಲ್ಲ, ಹಳೆಯ ಕಾಲದ್ದು. ಅಂಬಾಸಿಡರ್, ಪ್ರೀಮಿಯರ್ ಪದ್ಮಿನಿ, ಜೀಪು, 1983ರಲ್ಲಿ ಬಂದ ಮಾರುತಿ 800 ಇವೆಲ್ಲದರಲ್ಲಿ ಪೆಡಲಿನಿಂದ ಎಂಜಿನ್ನಿನ ತನಕ ಒಂದು ಸರಳು ಇಲ್ಲವೇ ಉಕ್ಕಿನ ವಾಯರು ಇರುತ್ತಿತ್ತು. ಕಾಲು ಒತ್ತಿದರೆ ವಾಯರು ಎಳೆಯುತ್ತಿತ್ತು, ಅದರ ತುದಿಯ ಬಾಗಿಲು ತೆರೆಯುತ್ತಿತ್ತು. ವಾಯರು ಹರಿದರೆ ಕಣ್ಣಿಗೇ ಕಾಣುತ್ತಿತ್ತು. ಸೈಕಲ್ ಅಂಗಡಿಯ ಬ್ರೇಕ್ ವಾಯರು ಹಾಕಿಕೊಂಡು ಊರು ಸೇರಿದವರು ನಮ್ಮ ಕಡೆ ಇದ್ದಾರೆ. ಕಾಮನ್ ರೇಲ್ ಡೀಸೆಲ್ ಎಂಜಿನ್ ಬಂದ ಮೇಲೆ ಆ ವಾಯರು ಹೋಯಿತು. ಸಿಲಿಂಡರಿಗೆ ಎಷ್ಟು ಡೀಸೆಲ್, ಯಾವ ಗಳಿಗೆಗೆ, ಎಷ್ಟು ಸಲ ಚಿಮ್ಮಿಸಬೇಕು ಎಂಬುದನ್ನು ಈಗ ಇಸಿಯು ಅನ್ನುವ ಕಂಪ್ಯೂಟರ್ ಪೆಟ್ಟಿಗೆ ನಿರ್ಧರಿಸುತ್ತದೆ. ಹೊಗೆಯ ಮೇಲಿನ ಕಾನೂನು ಬಿಗಿಯಾದಂತೆ ಈ ಪೆಟ್ಟಿಗೆಯ ಅಧಿಕಾರವೂ ಹೆಚ್ಚಿತು. ಬಿಎಸ್-4 ಮಾನದಂಡ 2010ರಲ್ಲಿ ದೊಡ್ಡ ನಗರಗಳಿಗೆ ಬಂದು, 2017ರ ಏಪ್ರಿಲ್ 1ರಿಂದ ಇಡೀ ದೇಶಕ್ಕೆ ಜಾರಿಯಾಯಿತು. 2020ರ ಏಪ್ರಿಲ್ 1ರಿಂದ ಬಿಎಸ್-6. ಲೆಕ್ಕ ಹಾಕಿ ಡೀಸೆಲ್ ಬಿಡುವ ಎಂಜಿನ್ನಿಗೆ ಕಾಲಿನ ಎಳೆತ ಬೇಕಾಗಿಲ್ಲ. ಚಾಲಕನಿಗೆ ಎಷ್ಟು ಬೇಕು ಎಂಬ ಸುದ್ದಿಯಷ್ಟೇ ಸಾಕು. ಆ ಸುದ್ದಿ ಮುಟ್ಟಿಸುವುದೇ ಪೆಡಲಿನ ಸೆನ್ಸರ್.

ಅದರ ಒಳಗಿನ ಏರ್ಪಾಡನ್ನು ತಿಳಿದುಕೊಂಡಾಗ ನನಗೆ ಮೂಡಿದ್ದು ಗೌರವ. ಪೆಡಲಿನ ಮೂಳೆಗೆ ಅಂಟಿಕೊಂಡ ಒಂದು ಪ್ಲಾಸ್ಟಿಕ್ ಡಬ್ಬಿಯೊಳಗೆ ಸೆನ್ಸರ್ ಒಂದಲ್ಲ, ಎರಡು. ಆರು ವಾಯರು: ಎರಡಕ್ಕೆ ಇಸಿಯುನಿಂದ 5 ವೋಲ್ಟ್, ಎರಡು ಅರ್ಥಿಂಗ್, ಉಳಿದೆರಡು ಉತ್ತರ ಒಯ್ಯುವ ತಂತಿಗಳು. ಕಾಲು ಇಡದೆ ಇದ್ದಾಗ ನನ್ನ ಕಾರಿನಲ್ಲಿ ಮೊದಲ ಸೆನ್ಸರ್ ಸುಮಾರು ಮುಕ್ಕಾಲು ವೋಲ್ಟ್ ತೋರಿಸಬೇಕು, ಎರಡನೆಯದು ಅದರ ಅರ್ಧ. ಪೂರ್ತಿ ಒತ್ತಿದಾಗ ಮೊದಲನೆಯದು 4 ವೋಲ್ಟಿನ ಸಮೀಪ, ಎರಡನೆಯದು 2ರ ಸಮೀಪ. ನಡುವೆ ಎಲ್ಲಿ ನಿಲ್ಲಿಸಿದರೂ ಒಂದು ಇನ್ನೊಂದರ ಇಮ್ಮಡಿ ಆಗಿರಲೇಬೇಕು. ಕಾರಿನಿಂದ ಕಾರಿಗೆ ಅಂಕಿ ಬೇರೆಯಾದೀತು, ಆದರೆ ಎರಡರ ನಡುವೆ ಒಂದು ಗೊತ್ತಾದ ಸಂಬಂಧ ಇದ್ದೇ ಇರುತ್ತದೆ. ಇಸಿಯು ಗಳಿಗೆ ಗಳಿಗೆಗೂ ಎರಡನ್ನೂ ಓದಿ ತಾಳೆ ನೋಡುತ್ತದೆ. ತಾಳೆ ತಪ್ಪಿತೋ, ಚಾಲಕನ ಮಾತನ್ನು ನಂಬುವುದನ್ನು ಬಿಟ್ಟು, ಎಂಜಿನ್ನನ್ನು ಖಾಲಿ ಓಟಕ್ಕಿಂತ ತುಸು ಮೇಲಿನ ಒಂದು ವೇಗಕ್ಕೆ ಕಟ್ಟಿಹಾಕಿ, ಹಳದಿ ದೀಪ ಹತ್ತಿಸುತ್ತದೆ. ಮಿಸ್ತ್ರಿಗಳು ಇದನ್ನು ಲಿಂಪ್ ಮೋಡ್ ಅನ್ನುತ್ತಾರೆ. ಗಾಡಿ ನಡುರಸ್ತೆಯಲ್ಲಿ ಸಾಯುವುದಿಲ್ಲ, ತಾನಾಗಿ ನುಗ್ಗುವುದೂ ಇಲ್ಲ. ತೆವಳುತ್ತ ಆದರೂ ಬದಿಗೆ ಹೋಗಿ ನಿಲ್ಲಬಹುದು.

ಖಾಲಿ ಇದ್ದಾಗ ಸೊನ್ನೆ, ಪೂರ್ತಿ ಒತ್ತಿದಾಗ 5 ಎಂದು ಯಾಕೆ ಇಡಲಿಲ್ಲ? ಇದಕ್ಕೂ ಕಾರಣವಿದೆ. ತಂತಿ ಹರಿದರೆ ಇಸಿಯುಗೆ ಕಾಣುವುದು ಸೊನ್ನೆ. ಉತ್ತರದ ತಂತಿ 5 ವೋಲ್ಟಿನ ತಂತಿಗೆ ತಗುಲಿದರೆ ಕಾಣುವುದು 5. ಆರೋಗ್ಯವಾಗಿರುವ ಸೆನ್ಸರ್ ಈ ಎರಡು ತುದಿಗಳನ್ನು ಎಂದೂ ಮುಟ್ಟದಂತೆ ಮಾಡಿದ್ದರಿಂದ, ಆ ತುದಿ ಕಂಡ ಕೂಡಲೇ ತಂತಿ ಕೆಟ್ಟಿದೆ ಎಂದು ಯಂತ್ರಕ್ಕೆ ಗೊತ್ತಾಗುತ್ತದೆ. ಹರಿದ ತಂತಿಯನ್ನು ಕಾಲು ತೆಗೆದಿದ್ದಾರೆ ಎಂದು ತಿಳಿಯುವ ಅಪಾಯವಿಲ್ಲ, ತಗುಲಿದ ತಂತಿಯನ್ನು ಪೂರ್ತಿ ಒತ್ತಿದ್ದಾರೆ ಎಂದು ತಿಳಿಯುವ ಅಪಾಯವೂ ಇಲ್ಲ. ಯಾರೋ ಒಬ್ಬ ಎಂಜಿನಿಯರ್ ಎಲ್ಲೋ ಕುಳಿತು, ತಾನು ಎಂದೂ ನೋಡದ ಊರಿನ, ಎಂದೂ ಕಾಣದ ಜನರ ಜೀವದ ಬಗ್ಗೆ ಇಷ್ಟು ಯೋಚನೆ ಮಾಡಿದ್ದಾನೆ. ಪೆಡಲು ರಿಪೇರಿ ಮಾಡುವವರು ಮೊದಲು ತಿಳಿಯಬೇಕಾದದ್ದು ಈ ಕಾಳಜಿಯನ್ನು.

ಪೇಟೆಯ ಒಂದು ದೊಡ್ಡ ವರ್ಕ್‌ಶಾಪಿನಲ್ಲಿ ಸ್ಕ್ಯಾನರ್ ಹಚ್ಚಿ ಪಿ 2138 ಎಂಬ ಕೋಡು ಓದಿದರು. ಪೆಡಲಿನ ಎರಡು ಸೆನ್ಸರುಗಳ ತಾಳೆ ತಪ್ಪಿದೆ ಎಂದು ಅದರ ಅರ್ಥ. ಪೆಡಲು ಬದಲಿಸಿ, ಅದರಿಂದಲೂ ಸರಿಹೋಗದಿದ್ದರೆ ವಾಯರಿಂಗ್, ಆಮೇಲೆ ಇಸಿಯು ಎಂದು ಒಂದು ಉದ್ದನೆಯ ಅಂದಾಜು ಪಟ್ಟಿ ಕೈಗೆ ಬಂತು. ಕಾರಿನ ಇವತ್ತಿನ ಬೆಲೆಯ ದೊಡ್ಡ ಪಾಲು ಆ ಪಟ್ಟಿಯಲ್ಲಿತ್ತು. ಅಳೆದು ನೋಡಿದ ಅಂಕಿ ಒಂದೂ ಇರಲಿಲ್ಲ. ಊರಿನವರೊಬ್ಬರು ಅಣ್ಣಿಗೇರಿಯ ಮಿಸ್ತ್ರಿಯ ಹೆಸರು ಹೇಳಿದರು. ಜಿನ್ನಿಂಗ್ ಮಿಲ್ಲುಗಳ ದಾರಿಯಲ್ಲಿ ತಗಡಿನ ಶೆಡ್ಡು, ಮುಂದೆ ಒಂದು ಬೇವಿನ ಮರ. ಅವರು ಬಾನೆಟ್ ಎತ್ತುವ ಮೊದಲು ಕೇಳಿದ್ದು ಎರಡು ಪ್ರಶ್ನೆ.

“ಗಾಡ್ಯಾಗ ಕಾಳು ಹೇರಿದ್ರೇನ್ರಿ?”

“ಹೂಂ.”

“ಮಳ್ಯಾಗ ಹಳ್ಳದ ನೀರಾಗ ಹಾಯಿಸಿದ್ರೇನು?”

ಅದೂ ಹೌದು. ನಮ್ಮ ಸೀಮೆಯ ಗಾಡಿಗಳ ಕಾಯಿಲೆಗೆ ಮೂಲ ಈ ಎರಡೇ ಎಂದು ಅವರ ಅನುಭವ. ಕಾಳಿನ ವಾಸನೆಗೆ ಇಲಿ ಬರುತ್ತದೆ, ಕಾಳು ಮುಗಿದ ಮೇಲೆ ವಾಯರಿನ ಹೊದಿಕೆ ಕಡಿಯುತ್ತದೆ. ಬೆಣ್ಣಿಹಳ್ಳ ತುಂಬಿ ಹರಿದಾಗ ರಸ್ತೆಯ ಮೇಲಿನ ನೀರಿನಲ್ಲಿ ಹಾಯಿಸಿದ ಕಾರಿನ ನೆಲಹಾಸು ವಾರಗಟ್ಟಲೆ ಒದ್ದೆಯಾಗಿರುತ್ತದೆ. ಮೇಲೆ ಒಣಗಿದಂತೆ ಕಂಡರೂ ಕೆಳಗೆ ತೇವ ಉಳಿದಿರುತ್ತದೆ. ಎರಿ ಮಣ್ಣು ಮಳೆಗಾಲಕ್ಕೆ ಚಪ್ಪಲಿಗೆ ಮೆತ್ತಿಕೊಂಡು ಒಳಗೆ ಬರುತ್ತದೆ, ಬೇಸಿಗೆಗೆ ಅದೇ ಮಣ್ಣು ಹಿಟ್ಟಿನಂಥ ಧೂಳಾಗಿ ಸಂದುಗಳಿಗೆ ಇಳಿಯುತ್ತದೆ. ಪೆಡಲಿನ ಸೆನ್ಸರ್ ಕುಳಿತಿರುವುದು ಸರಿಯಾಗಿ ಇವೆಲ್ಲ ಸೇರುವ ಜಾಗದಲ್ಲಿ. ವರ್ಕ್‌ಶಾಪಿನ ಚೀಟಿ ತೋರಿಸಿದಾಗ ಅವರು ಅದನ್ನು ಬದಿಗಿಟ್ಟು ಹೇಳಿದರು: “ಸ್ಕ್ಯಾನರ್ ಯಾವ ಓಣ್ಯಾಗ ಕಳುವಾಗ್ಯಾದ ಅಂತ ಹೇಳ್ತದರಿ. ಯಾವ ಮನ್ಯಾಗ ಅನ್ನೂದು ನಾವ ಹುಡುಕಬೇಕು. ಮೊದ್ಲ ಅಳದು ನೋಡೂಣು.”

ಅಳೆಯಲು ಅವರು ತೆಗೆದದ್ದು ಮುಳ್ಳಿನ ಮೀಟರು. ಅಂಕಿ ಮೂಡುವ ಡಿಜಿಟಲ್ ಮಲ್ಟಿಮೀಟರೂ ಪಕ್ಕದಲ್ಲಿತ್ತು. ಅದು ಸೆಕೆಂಡಿಗೆ ಕೆಲವೇ ಸಲ ಅಂಕಿ ಬದಲಿಸುತ್ತದೆ. ನಡುವೆ ಕಣ್ಣು ಮಿಟುಕಿಸುವಷ್ಟು ಹೊತ್ತು ವೋಲ್ಟೇಜ್ ಬಿದ್ದು ಎದ್ದರೆ ತೋರಿಸದೆಯೂ ಇರಬಹುದು. ಮುಳ್ಳಾದರೆ ನಡುಗುತ್ತದೆ. ಕೀಲಿಯನ್ನು ಆನ್ ಮಾಡಿ, ಎಂಜಿನ್ ಚಾಲೂ ಮಾಡದೆ, ಸಾಕೆಟ್ಟಿನ ಹಿಂಬದಿಯಿಂದ ಗುಂಡುಸೂಜಿ ತೂರಿಸಿ ಮೀಟರಿನ ತಂತಿ ಹಚ್ಚಿದರು. ಮೊದಲು 5 ವೋಲ್ಟ್ ಬರುತ್ತಿದೆಯೇ ನೋಡಿದರು, ಬರುತ್ತಿತ್ತು. ಆಮೇಲೆ ಅರ್ಥಿಂಗ್, ಅದೂ ಸರಿ. ನನ್ನನ್ನು ಕೂರಿಸಿ, ಪೆಡಲನ್ನು ಆದಷ್ಟು ನಿಧಾನ ಒತ್ತಲು ಹೇಳಿದರು. ಮೊದಲನೆಯ ಸೆನ್ಸರಿನ ಮುಳ್ಳು ಹಗುರಾಗಿ ಏರಿತು. ಎರಡನೆಯದಕ್ಕೆ ಹಚ್ಚಿ ಮತ್ತೆ ಒತ್ತಿಸಿದರು. ಅದೂ ಏರಿತು, ಆದರೆ ಶೆಡ್ಡಿನ ಹುಡುಗ ವಾಯರಿನ ಕಟ್ಟನ್ನು ಮೆಲ್ಲಗೆ ಅಲ್ಲಾಡಿಸಿದ ಕೂಡಲೇ ಮುಳ್ಳು ಸೊನ್ನೆಗೆ ಬಿದ್ದು ಮತ್ತೆ ಎದ್ದಿತು. ಸಾಕೆಟ್ ಕಳಚಿ ಟಾರ್ಚ್ ಹಿಡಿದಾಗ ಆರು ಪಿನ್ನುಗಳಲ್ಲಿ ಒಂದರ ಬುಡಕ್ಕೆ ಹಸಿರು ಕಿಲುಬು. ಹಳ್ಳದ ನೀರು ಅಲ್ಲಿ ಕೂತು ಹೋಗಿತ್ತು.

ಕಿಲುಬನ್ನು ಅವರು ಚಾಕುವಿನಿಂದ ಹೆರೆಯಲಿಲ್ಲ. ಪಿನ್ನಿನ ಮೇಲಿನ ತೆಳುವಾದ ಲೇಪ ಹೋದರೆ ಮುಂದಿನ ಮಳೆಗಾಲಕ್ಕೇ ಇನ್ನಷ್ಟು ತಿನ್ನುತ್ತದೆಯಂತೆ. ಕಾಂಟ್ಯಾಕ್ಟ್ ಕ್ಲೀನರ್ ಸಿಂಪಡಿಸಿ ಮೆತ್ತನೆಯ ಬ್ರಶ್ಶಿನಿಂದ ಉಜ್ಜಿ, ಒಣಗಲು ಬಿಟ್ಟು, ಹಿಗ್ಗಿದ್ದ ಹೆಣ್ಣು ಪಿನ್ನನ್ನು ಸೂಜಿಯಿಂದ ಒಳಕ್ಕೆ ಬಾಗಿಸಿ, ನೀರು ತಡೆಯುವ ಗ್ರೀಸನ್ನು ತುಸುವೇ ಸವರಿದರು. ಮತ್ತೆ ಅಳೆದಾಗ ವಾಯರು ಅಲುಗಿಸಿದರೂ ಮುಳ್ಳು ಬೀಳಲಿಲ್ಲ. ಬೇರೆಯವರಾಗಿದ್ದರೆ ಇಷ್ಟಕ್ಕೇ ದುಡ್ಡು ಎಣಿಸಿಕೊಂಡು ಕಳಿಸುತ್ತಿದ್ದರೇನೋ. ಅವರು ಪೆಡಲನ್ನು ಇನ್ನೊಮ್ಮೆ, ಇನ್ನೂ ನಿಧಾನ ಒತ್ತಿಸಿದರು. ಕಾಲು ಭಾಗ ದಾಟಿದ ಮೇಲೆ ಒಂದು ಕಡೆ ಮುಳ್ಳು ಸಣ್ಣಗೆ ನಡುಗಿತು. ಬಿಟ್ಟು ಮತ್ತೆ ಒತ್ತಿದರೆ ಮತ್ತೆ ಅದೇ ಜಾಗದಲ್ಲಿ ನಡುಕ. ಮುಂದೆಯೂ ಇಲ್ಲ, ಹಿಂದೆಯೂ ಇಲ್ಲ.

“ದಿನಾ ಯಾವ ದಾರಿ ಓಡ್ತೀರಿ?” ಎಂದರು.

“ನವಲಗುಂದ, ಹುಬ್ಬಳ್ಳಿ.”

“ಅದಕ್ಕ.”

ಡಬ್ಬಿ ಬಿಚ್ಚಿದಾಗ ಅವರ ಮಾತು ಕಣ್ಣಿಗೆ ಕಂಡಿತು. ಒಳಗೆ ಅರ್ಧಚಂದ್ರಾಕಾರದ ಎರಡು ಕಪ್ಪು ಪಟ್ಟಿಗಳು, ಕಾರ್ಬನ್ ಬೆರೆಸಿ ಮಾಡಿದವು. ಪೆಡಲು ತಿರುಗಿದಂತೆ ಆ ಪಟ್ಟಿಗಳ ಮೇಲೆ ಸಣ್ಣ ಲೋಹದ ಬೆರಳುಗಳು ಸವರುತ್ತ ಸಾಗುತ್ತವೆ. ಬೆರಳು ಎಲ್ಲಿದೆ ಎಂಬುದರ ಮೇಲೆ ವೋಲ್ಟು ಏರುತ್ತದೆ, ಇಳಿಯುತ್ತದೆ. ಪಟ್ಟಿಯ ಉಳಿದ ಭಾಗವೆಲ್ಲ ಮಂಕು ಕಪ್ಪು. ಒಂದು ಕಡೆ ಮಾತ್ರ, ಜೋಳದ ಕಾಳಿಗಿಂತ ಕಿರಿದಾದ ಜಾಗದಲ್ಲಿ, ಸವೆದು ಸವೆದು ನುಣುಪಾಗಿ ಹೊಳೆಯುತ್ತಿತ್ತು. ಓರೆಯಾಗಿ ಬೆಳಕಿಗೆ ಹಿಡಿದರೆ ತಗ್ಗು ಕಾಣುತ್ತಿತ್ತು. ಸಪಾಟು ರಸ್ತೆಯಲ್ಲಿ ಕಾಲು ಒಂದೇ ಕಡೆ ನಿಂತಿರುತ್ತದೆ, ಬೆರಳೂ ಅಲ್ಲೇ ನಿಂತಿರುತ್ತದೆ. ಆದರೆ ಎಂಜಿನ್ನಿನ ಅದುರಿಗೆ ಅದು ಅದೇ ಜಾಗವನ್ನು ಲಕ್ಷಗಟ್ಟಲೆ ಸಲ ತಿಕ್ಕುತ್ತದೆ. ಕಲಘಟಗಿಯ ಕಡೆ ಗುಡ್ಡ, ಕಾಡು, ತಿರುವು. ಅಲ್ಲಿ ಓಡುವವರ ಕಾಲು ಒಂದು ಕಡೆ ನಿಲ್ಲುವುದಿಲ್ಲ, ಪಟ್ಟಿ ಎಲ್ಲ ಕಡೆ ಸಮನಾಗಿ ಸವೆಯುತ್ತದೆ ಎಂದು ಮಿಸ್ತ್ರಿ ವಿವರಿಸಿದರು. ನನ್ನ ಕಾರಿನ ಪೆಡಲಿನಲ್ಲಿ ಬಯಲುಸೀಮೆಯ ದಾರಿ ತನ್ನ ಗುರುತು ಮೂಡಿಸಿತ್ತು. ನಾನು ಎಲ್ಲಿ ಬದುಕುತ್ತೇನೆ, ಎಷ್ಟು ವೇಗದಲ್ಲಿ ಓಡಾಡುತ್ತೇನೆ ಎಂಬುದನ್ನು ಆ ಹೊಳೆಯುವ ತಗ್ಗು ನೋಡಿಯೇ ಹೇಳಬಹುದಿತ್ತು.

ಸವೆದ ಪಟ್ಟಿಯ ಮೇಲೆ ಪೆನ್ಸಿಲ್ ಸೀಸ ತಿಕ್ಕಿ ಕೆಲಸ ನಡೆಸುವವರಿದ್ದಾರೆ ಎಂದು ಕೇಳಿದ್ದೆ. ಪೆನ್ಸಿಲ್ಲಿನದೂ ಗ್ರಾಫೈಟ್, ಅಂದರೆ ಕಾರ್ಬನ್ನೇ. ಕೆಲವು ದಿನ ಮುಳ್ಳು ನಡುಗದೆ ಇರಬಹುದು. ಎರಡನೆಯ ಸೆನ್ಸರನ್ನೇ ಕಳಚಿ, ಮೊದಲನೆಯದರ ತಂತಿಗೆ ರೆಸಿಸ್ಟರ್ ಕೂರಿಸಿ ಅರ್ಧ ವೋಲ್ಟು ಹುಟ್ಟಿಸಿ, ಇಸಿಯುಗೆ ಎರಡೂ ಸರಿ ಇವೆ ಎಂದು ತೋರಿಸುವ ದಾರಿಯೂ ಇದೆ. ಕೇಳಿದಾಗ ಮಿಸ್ತ್ರಿಯ ಮುಖ ಗಟ್ಟಿಯಾಯಿತು. “ಇದು ರೇಡಿಯೋದ ವಾಲ್ಯೂಮ್ ಅಲ್ಲರಿ. ಎರಡ ಇಟ್ಟಿದ್ದು ಒಂದು ಸುಳ್ಳು ಹೇಳಿದ್ರ ಗೊತ್ತಾಗಲಿ ಅಂತ. ನಾನ ಸುಳ್ಳು ಹೇಳ್ಸಿದ್ರ ಹೆಂಗ?” ಸಾಕೆಟ್ಟಿನ ಕಿಲುಬು ಕೈಯಿಂದ ತೆಗೆಯಬಹುದಾದ ದೋಷ, ತೆಗೆದರು. ಹರಿದ ತಂತಿಯನ್ನು ಬೆಸೆಯಬಹುದು, ಸಡಿಲಾದ ಅರ್ಥಿಂಗನ್ನು ಬಿಗಿಯಬಹುದು. ಸವೆದ ಪಟ್ಟಿಯನ್ನು ಮಾತ್ರ ಬದಲಿಸಲೇಬೇಕು. ಎಲ್ಲಿಯ ತನಕ ರಿಪೇರಿ, ಎಲ್ಲಿಂದ ಆಚೆಗೆ ಜೀವದೊಡನೆ ಆಟ ಎಂಬ ಗಡಿ ಅವರಿಗೆ ಸ್ಪಷ್ಟವಿತ್ತು. ಒಳ್ಳೆಯ ಮಿಸ್ತ್ರಿಯ ವಿದ್ಯೆ ಆ ಗಡಿಯಲ್ಲಿದೆ ಎಂದು ನನಗೆ ಅಂದು ಅನಿಸಿತು, ಇಂದಿಗೂ ಅನಿಸುತ್ತದೆ.

ಪೆಡಲಿನ ವಿಷಯ ಇಡೀ ಜಗತ್ತಿನ ಚರ್ಚೆಗೆ ಬಂದದ್ದು 2009–10ರಲ್ಲಿ. ಅಮೆರಿಕದಲ್ಲಿ ಟೊಯೋಟಾ ಕಾರುಗಳು ತಾವಾಗಿ ವೇಗ ಹಿಡಿಯುತ್ತವೆ ಎಂಬ ದೂರುಗಳೆದ್ದು, ಲಕ್ಷಾಂತರ ಕಾರುಗಳನ್ನು ಕಂಪನಿ ವಾಪಸು ಕರೆಸಿಕೊಂಡಿತು. ದೋಷ ಎಲೆಕ್ಟ್ರಾನಿಕ್ಸ್‌ನಲ್ಲಿದೆಯೇ ಎಂದು ಹುಡುಕುವ ಹೊಣೆ ಬಂದದ್ದು ಬಾಹ್ಯಾಕಾಶ ಸಂಸ್ಥೆ ನಾಸಾದ ಎಂಜಿನಿಯರುಗಳಿಗೆ. 2011ರ ಫೆಬ್ರವರಿಯಲ್ಲಿ ವರದಿ ಹೊರಬಂತು. ಕಾರು ಅಷ್ಟು ಭಾರಿ ವೇಗಕ್ಕೆ ನುಗ್ಗಲು ಎಲೆಕ್ಟ್ರಾನಿಕ್ಸ್ ಕಾರಣವೆಂಬುದಕ್ಕೆ ಪುರಾವೆ ಸಿಗಲಿಲ್ಲ. ಆದರೆ ನನ್ನ ಕಾರಿನಲ್ಲಿದ್ದಂಥ, ಪಟ್ಟಿಯ ಮೇಲೆ ಬೆರಳು ಸವರುವ ಬಗೆಯ ಪೆಡಲು ಸೆನ್ಸರುಗಳಲ್ಲಿ ಅವರಿಗೆ ತವರದ ಸಣ್ಣ ಎಳೆಗಳು ಕಂಡವು. ಶುದ್ಧ ತವರದ ಲೇಪದಿಂದ ಕಾಲಾಂತರದಲ್ಲಿ ಕೂದಲಿಗಿಂತ ತೆಳುವಾದ ಎಳೆಗಳು ತಾವಾಗಿ ಬೆಳೆಯುತ್ತವೆ. ಅವು ಎರಡು ಸೆನ್ಸರುಗಳ ತಂತಿಗಳನ್ನು ಒಂದಕ್ಕೊಂದು ಮುಟ್ಟಿಸಿದರೆ ಎರಡರ ಲೆಕ್ಕವೂ ಕೆಡುತ್ತದೆ. ಕಾರುಗಳನ್ನು ವಾಪಸು ಕರೆಸಲು ಕಾರಣವಾದ ದೋಷಗಳು ಮಾತ್ರ ಸರಳವಾಗಿದ್ದವು: ಸಲೀಸಾಗಿ ಹಿಂದಕ್ಕೆ ಬಾರದ ಪೆಡಲು, ಮತ್ತು ಪೆಡಲಿನ ಮೇಲೇರಿ ಸಿಕ್ಕಿಕೊಳ್ಳುವ ನೆಲಹಾಸು. ಕೆಸರು ಹತ್ತದಿರಲಿ ಎಂದು ಗೋಣಿಚೀಲ, ಹಳೆಯ ಮ್ಯಾಟಿನ ಮೇಲೆ ಇನ್ನೊಂದು ಮ್ಯಾಟು ಹಾಸುವ ಅಭ್ಯಾಸ ನಮ್ಮ ಕಡೆ ಮನೆಮನೆಯಲ್ಲಿದೆ. ಚಾಲಕನ ಕಾಲಬುಡದಿಂದ ಅವನ್ನು ಇವತ್ತೇ ತೆಗೆಯಿರಿ. ಪೆಡಲಿನ ಕೆಳಗೆ ಏನೂ ಸರಿದಾಡಕೂಡದು.

ಹುಬ್ಬಳ್ಳಿಯ ಗುಜರಿ ಅಂಗಡಿಗೆ ಮಿಸ್ತ್ರಿ ನನ್ನೊಡನೆ ತಾವೇ ಬಂದರು. ಕಾರು ಒಂದೇ ಆದರೂ ವರ್ಷ ಬದಲಾದರೆ ಪೆಡಲು ಬದಲಾಗಿರುತ್ತದೆ. ಹೊರಗಿನಿಂದ ಅಣ್ಣತಮ್ಮಂದಿರಂತೆ ಕಂಡರೂ ಒಳಗಿನ ವೋಲ್ಟು ಬೇರೆ. ಹಾಗಾಗಿ ಡಬ್ಬಿಯ ಮೇಲೆ ಅಚ್ಚಾದ ನಂಬರು ಅಕ್ಷರಶಃ ಹೊಂದಬೇಕು. ಸೆನ್ಸರ್ ಬಿಡಿಯಾಗಿ ಸಿಗುವುದಿಲ್ಲ, ಇಡೀ ಪೆಡಲನ್ನೇ ಕೊಳ್ಳಬೇಕು. ಹೊಂದುವಂಥದ್ದು ಸಿಕ್ಕಿದ ಮೇಲೂ ಅವರು ದುಡ್ಡು ಕೊಡಲು ಬಿಡಲಿಲ್ಲ. ಜೇಬಿನಿಂದ ಮೀಟರು ತೆಗೆದು, ಓಮ್ಸ್‌ಗೆ ತಿರುವಿ, ಅಂಗಡಿಯ ಬಾಗಿಲಲ್ಲೇ ಕೂತು ಪೆಡಲನ್ನು ಇಂಚಿಂಚು ಸರಿಸಿ ಎರಡೂ ಸೆನ್ಸರುಗಳನ್ನು ನೋಡಿದರು. ಮೊದಲು ನೋಡಿದ್ದರಲ್ಲಿ ನಡುಕವಿತ್ತು, ವಾಪಸು ಇಟ್ಟರು. ಇನ್ನೊಂದರಲ್ಲಿ ಮುಳ್ಳು ಒಂದೇ ಸಮ ಹತ್ತಿ ಇಳಿಯಿತು. ಹೊಸ ಮಾದರಿಯ ಕಾರುಗಳಲ್ಲಿ ಈ ಸವೆತದ ತಕರಾರು ಕಡಿಮೆ. ಅವುಗಳಲ್ಲಿ ಬೆರಳು, ಪಟ್ಟಿ ಇಲ್ಲ. ಆಯಸ್ಕಾಂತವೊಂದು ಮುಟ್ಟದೆಯೇ ಸರಿದು ಸುದ್ದಿ ಮುಟ್ಟಿಸುತ್ತದೆ. 1879ರಲ್ಲಿ ಎಡ್ವಿನ್ ಹಾಲ್ ಎಂಬ ಅಮೆರಿಕದ ವಿದ್ಯಾರ್ಥಿ ಕಂಡುಹಿಡಿದ ಪರಿಣಾಮ ಅದಕ್ಕೆ ಆಧಾರ. ನನ್ನ ಕಾರಿಗೆ ಆ ಬಗೆಯದು ಹೊಂದುವುದಿಲ್ಲ.

ಕೂರಿಸುವುದು ಅರ್ಧ ಗಂಟೆಯ ಕೆಲಸವೂ ಆಗಲಿಲ್ಲ. ಬ್ಯಾಟರಿಯ ತಂತಿ ಬಿಚ್ಚಿ, ಪೆಡಲಿನ ನಟ್ಟುಗಳನ್ನು ಬಿಗಿದು, ಸಾಕೆಟ್ ಕಟಕ್ಕೆಂದು ಕೂತ ಮೇಲೆ ಬ್ಯಾಟರಿಯ ತಂತಿ ಮತ್ತೆ ಹಚ್ಚಿ, ಕೀಲಿ ಆನ್ ಮಾಡಿ, ಪೆಡಲನ್ನು ನಿಧಾನವಾಗಿ ತಳದ ತನಕ ಒತ್ತಿ ನಿಧಾನವಾಗಿ ಬಿಟ್ಟು, ಕೀಲಿ ಬಂದ್ ಮಾಡಿದರು. ಹೊಸ ಪೆಡಲಿನ ಕೆಳತುದಿ, ಮೇಲ್ತುದಿ ಯಾವುವು ಎಂದು ಇಸಿಯು ಕಲಿತುಕೊಳ್ಳಲಿ ಎಂದು. ಆಮೇಲೆ ಸ್ಕ್ಯಾನರ್ ಹಚ್ಚಿ ಹಳೆಯ ಕೋಡು ಅಳಿಸಿದರು. ಶೆಡ್ಡಿನ ಹುಡುಗ ಅಷ್ಟರಲ್ಲಿ ಒಂದು ಉದ್ದನೆಯ ರೂಲ್ ಪುಸ್ತಕ ತಂದು ಬರೆಯಲು ಕೂತಿದ್ದ. ಕಾರಿನ ಹೆಸರು, ವರ್ಷ, ಪೆಡಲಿನ ನಂಬರು, ಕಾಲು ಇಡದಾಗ ಎಷ್ಟು, ಅರ್ಧ ಒತ್ತಿದಾಗ ಎಷ್ಟು, ಪೂರ್ತಿ ಒತ್ತಿದಾಗ ಎಷ್ಟು, ಯಾವ ಬಣ್ಣದ ವಾಯರು ಯಾವುದಕ್ಕೆ. ಎಲ್ಲ ಕನ್ನಡದಲ್ಲಿ. ಹಾಳೆ ತಿರುವಿದರೆ ಹಿಂದೆಯೂ ಅಂಥವೇ ಬರಹ: ಜೀಪು, ವ್ಯಾನು, ಗೂಡ್ಸ್ ಗಾಡಿ. ಆರೋಗ್ಯವಾದ ಗಾಡಿ ಸರ್ವೀಸಿಗೆ ಬಂದಾಗಲೂ ಅಳೆದು ಬರೆದಿಡುತ್ತಾರಂತೆ. ಸರಿಯಿದ್ದಾಗಿನ ಅಂಕಿ ಗೊತ್ತಿಲ್ಲದೆ ಕೆಟ್ಟಾಗಿನ ಅಂಕಿ ಓದಲು ಬರುವುದಿಲ್ಲ.

ಆ ಪುಸ್ತಕವನ್ನು ಕೈಯಲ್ಲಿ ಹಿಡಿದಾಗ ನನಗೆ ಸಂತೋಷವೂ ಆಯಿತು, ಸಂಕಟವೂ ಆಯಿತು. ಅದರಲ್ಲಿರುವುದೆಲ್ಲ ಕಾರು ತಯಾರಿಸಿದವರ ಬಳಿ ಅಚ್ಚಾಗಿಯೇ ಇದೆ. ತಗಡಿನ ಶೆಡ್ಡಿನ ಮಿಸ್ತ್ರಿ ಮಾತ್ರ ಅದನ್ನು ಒಂದೊಂದೇ ಪೆಡಲು ಒತ್ತಿ ಮತ್ತೆ ಕಂಡುಹಿಡಿಯಬೇಕು. ಬಿಡಿಭಾಗ, ರಿಪೇರಿ ಪುಸ್ತಕ, ಸ್ಕ್ಯಾನರ್ ಸಲಕರಣೆ ಹೊರಗಿನ ಗ್ಯಾರೇಜುಗಳಿಗೆ ಸಿಗದಂತೆ ಮಾಡಿದ್ದಾರೆಂಬ ದೂರಿನ ಮೇಲೆ ಭಾರತ ಸ್ಪರ್ಧಾ ಆಯೋಗ 2014ರ ಆಗಸ್ಟ್ 25ರಂದು 14 ಕಾರು ಕಂಪನಿಗಳಿಗೆ ಒಟ್ಟು ಸುಮಾರು 2,544 ಕೋಟಿ ರೂಪಾಯಿ ದಂಡ ವಿಧಿಸಿತು. ಬಿಡಿಭಾಗ, ಮಾಹಿತಿ ಎಲ್ಲರಿಗೂ ಸಿಗಲಿ ಎಂದು ಆದೇಶಿಸಿತು. ಅದರ ಮೇಲೆ ಮೇಲ್ಮನವಿಗಳಾದವು, ವ್ಯಾಜ್ಯ ಬೆಳೆಯಿತು. ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಡಿಸೆಂಬರ್ 24ರಂದು ರಿಪೇರಿಯ ಹಕ್ಕಿಗೆಂದೇ ಒಂದು ಪೋರ್ಟಲ್ ಆರಂಭಿಸಿತು. ವಾಹನಗಳ ಜೊತೆಗೆ ಕೃಷಿ ಯಂತ್ರಗಳನ್ನೂ ಅದು ಒಳಗೊಂಡಿದೆ. ಇದು ನಮ್ಮ ತಾಲೂಕುಗಳಿಗೆ ದೂರದ ಸುದ್ದಿಯಲ್ಲ. 2023ರ ಜನವರಿಯಿಂದ 50 ಅಶ್ವಶಕ್ತಿ ಮೀರಿದ ಹೊಸ ಟ್ರ್ಯಾಕ್ಟರುಗಳಿಗೆ ಹೊಗೆಯ ಹೊಸ ಮಾನದಂಡ ಬಂದಿದೆ, ಅದರೊಂದಿಗೆ ಕಂಪ್ಯೂಟರ್ ನಡೆಸುವ ಎಂಜಿನ್ನುಗಳೂ ಬಂದಿವೆ. ನನ್ನ ಕಾರಿಗೆ ಬಂದ ಕಾಯಿಲೆ ನಾಳೆ ಬಿತ್ತನೆಯ ಹದದಲ್ಲಿ, ಹೊಲದ ನಡುವೆ, ಟ್ರ್ಯಾಕ್ಟರಿಗೆ ಬರುತ್ತದೆ. ಎರಿ ಹೊಲದ ಹದ ಎರಡು ದಿನ ಕೂಡ ಕಾಯುವುದಿಲ್ಲ.

ಆದ್ದರಿಂದ ನಾನು ಕೇಳುವುದು ಇಷ್ಟು. ಗಾಡಿ ಮಾರುವ ಕಂಪನಿಗಳು ಸೆನ್ಸರಿನ ಅಂಕಿ, ವಾಯರಿಂಗ್ ನಕಾಶೆ, ಕೋಡುಗಳ ಅರ್ಥ ಇವನ್ನು ಕನ್ನಡದಲ್ಲಿ ಎಲ್ಲರಿಗೂ ಸಿಗುವಂತೆ ಪ್ರಕಟಿಸಲಿ. ಇದರಲ್ಲಿ ಅವರು ಕಳೆದುಕೊಳ್ಳುವುದು ಏನೂ ಇಲ್ಲ. ನಮ್ಮ ಐಟಿಐಗಳ ಮೋಟಾರ್ ಮೆಕ್ಯಾನಿಕ್, ಡೀಸೆಲ್ ಮೆಕ್ಯಾನಿಕ್ ತರಗತಿಗಳಲ್ಲಿ ಮಲ್ಟಿಮೀಟರು ಸ್ಪ್ಯಾನರಿನಷ್ಟೇ ಮೊದಲಿಗೆ ಹುಡುಗರ ಕೈಗೆ ಬರಲಿ, ಮತ್ತು ಅಣ್ಣಿಗೇರಿಯ ಆ ಮಿಸ್ತ್ರಿಯಂಥವರನ್ನು ಪಾಠ ಹೇಳಲು ಕರೆಯಲಿ. ಅವರ ರೂಲ್ ಪುಸ್ತಕವನ್ನು ನಾನು ಅವರ ಒಪ್ಪಿಗೆಯಿಂದ ಜೆರಾಕ್ಸ್ ಮಾಡಿಸಿದ್ದೇನೆ. ನವಲಗುಂದದ, ಕುಂದಗೋಳದ, ಕಲಘಟಗಿಯ ಗ್ಯಾರೇಜುಗಳಿಗೆ ಒಂದೊಂದು ಪ್ರತಿ ಕೊಡುತ್ತಿದ್ದೇನೆ. ಪ್ರತಿ ಪಡೆದವರಿಗೆ ಒಂದೇ ಷರತ್ತು: ತಾವು ಅಳೆದ ಗಾಡಿಗಳ ಅಂಕಿಯನ್ನು ಖಾಲಿ ಹಾಳೆಗಳಲ್ಲಿ ಬರೆದು ಮುಂದಿನವರಿಗೆ ದಾಟಿಸಬೇಕು.